ನಳದ ಮುಂದೆ ಪಾಳ್ಯಾನ ಮೂರ್ತಿ

ಪುರಸಭೆಗಳಿಗೆ ಹೊಸದಾಗಿ ಆರೋಗ್ಯ ನಿರೀಕ್ಷಕರಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಮೇಲಧಿಕಾರಿಗಳನ್ನು ಒಂದಿಷ್ಟು ಬೈದು, ಹೊರಡುವಾಗ ಹೊಸ್ತಿಲ ಮೇಲೆ ನಿಂತು ಕೇಳುತ್ತಾರೆ: "ಸರ್, ಬೀದಿ ನಾಯಿ ಮ್ಯಾಲ ಕಂಪ್ಲೇಂಟ್ ಬಂದ್ರ ಏನ್ ಮಾಡ್ಬೇಕ್ರಿ?" ನಿಯಮ ಅವರಿಗೆ ಗೊತ್ತಿದೆ, ಪರೀಕ್ಷೆ ಪಾಸಾಗಿಯೇ ಬಂದವರು. ಅವರಿಗೆ ಬೇಕಾದದ್ದು ಧೈರ್ಯ. ನಾನು ಅವರನ್ನು ಮತ್ತೆ ಒಳಗೆ ಕರೆದು ಕೂಡಿಸಿ ಪಾಳ್ಯಾ ಎಂಬ ನಾಯಿಯ ಕಥೆ ಶುರು ಮಾಡುತ್ತೇನೆ. ಇದರಿಂದ ಕೊನೆಯ ಬಸ್ಸು ತಪ್ಪಿಸಿಕೊಂಡು ನಮ್ಮಲ್ಲೇ ಉಂಡು ಮಲಗಿದವರೂ ಇದ್ದಾರೆ. ಹಾಗಾಗಿ ಇದನ್ನು ಬರೆದಿಡುವುದೇ ಒಳ್ಳೆಯದು ಎಂದು ನನ್ನ ಹೆಂಡತಿ ತೀರ್ಮಾನ ಕೊಟ್ಟಿದ್ದಾಳೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ನನ್ನ ನೌಕರಿಯೆಲ್ಲ ಈ ನಾಲ್ಕು ಊರುಗಳ ಗಟಾರದ ದಂಡೆಯ ಮೇಲೆ ಕಳೆಯಿತು. ಪಾಳ್ಯಾ ಯಾವ ಊರಿನ ನಾಯಿ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಮೂರು ಊರಿನವರಿಗೆ ಬೇಜಾರು, ಒಂದು ಊರಿನ ಮೆಂಬರರಿಗೆ ಸಿಟ್ಟು. ನಾಲ್ಕೂ ಕಡೆಯವರು ನಮ್ಮದೇ ಎಂದು ವಾದಿಸಿದರೆ ನನಗೆ ಸಂತೋಷವೇ.

ವಾದ ಎಂದರೆ ನನಗೆ ಹುಟ್ಟಿನಿಂದ ಬಂದ ರೋಗ. ಕಾಲೇಜಿನಲ್ಲಿದ್ದಾಗ ಚರ್ಚಾಸ್ಪರ್ಧೆಯ ಢಾಲು ಗೆದ್ದು ಗೆದ್ದು ತರುತ್ತಿದ್ದೆ. ವಿಷಯ ಯಾವುದೇ ಇರಲಿ, ಮೊದಲು ಪರವಾಗಿ ಮಾತಾಡಿ, ಚಪ್ಪಾಳೆ ನಿಲ್ಲುವ ಮುಂಚೆಯೇ ವಿರೋಧವಾಗಿ ಶುರು ಮಾಡಬಲ್ಲವನಾಗಿದ್ದೆ. ಯಾರಾದರೂ ಮಹಿಮೆ, ಪವಾಡ ಎಂದು ಬಾಯಿ ತೆರೆದರೆ "ಪುರಾವೆ ಏನು?" ಎಂದು ಅಡ್ಡ ನಿಲ್ಲುತ್ತಿದ್ದೆ. ಅವ್ವ ನನ್ನನ್ನು 'ವಕೀಲ' ಎನ್ನುತ್ತಿದ್ದಳು. ಅದು ಹೊಗಳಿಕೆಯಾಗಿರಲಿಲ್ಲ.

ಈ ರೋಗಕ್ಕೆ ಮೊದಲ ಮದ್ದು ಇಂಡಿಯ ಸಂತೆಯಲ್ಲಿ ಸಿಕ್ಕಿತು. ಮಿರ್ಚಿ ಬಜ್ಜಿಯವನೊಬ್ಬ ಬುಟ್ಟಿ ತೆರೆದಿಟ್ಟು ಮಾರುತ್ತಿದ್ದ. ನೊಣ ಎಲ್ಲಿ ಹುಟ್ಟುತ್ತದೆ, ಎಲ್ಲೆಲ್ಲಿ ಕೂತು ಬಂದು ಬಜ್ಜಿಯ ಮೇಲೆ ಕೂರುತ್ತದೆ ಎಂದು ನಾನು ಸಂತೆಯ ನಡುವೆ ನಿಂತು ಭಾಷಣ ಬಿಗಿದೆ. ಜನ ಸೇರಿದರು. ಬಜ್ಜಿಯವ ಪೂರ್ತಿ ಕೇಳಿ, ಜಾಲರಿ ಸೌಟು ಬಾಣಲೆಗೆ ಕುಟ್ಟಿ ಹೇಳಿದ: "ಸಾಹೇಬ್ರ, ನಿಮ್ಮ ಭಾಷಣ ಭಾಳ ಛಲೋ ಆತ್ರಿ. ಇಷ್ಟು ಮಂದಿ ನನ್ನ ಅಂಗಡಿ ಮುಂದ ಎಂದೂ ನಿಂತಿದ್ದಿಲ್ಲ. ಬರ್ರೆಪಾ, ಬಿಸಿ ಬಿಸಿ ಐತಿ!" ಅವತ್ತು ಅವನ ಬುಟ್ಟಿ ಬೇಗ ಖಾಲಿಯಾಯಿತು. ಮುಂದಿನ ಸಂತೆಗೆ ನಾನು ಒಂದು ತೆಳು ಬಿಳಿ ಬಟ್ಟೆ ಒಯ್ದು, ಏನೂ ಮಾತಾಡದೆ ಬುಟ್ಟಿಯ ಮೇಲೆ ಹೊದಿಸಿ ಬಂದೆ. ಅವನು ತೆಗೆಯಲಿಲ್ಲ.

ಇನ್ನೊಂದು ಊರಿನಲ್ಲಿ ಸೊಳ್ಳೆಗೆ ಹೊಗೆ ಬಿಡುವ ಯಂತ್ರ ಹೊಸದಾಗಿ ಬಂದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡ ಹುರುಪಿನಲ್ಲಿ ಮುಂದಿನ ಓಣಿಯಲ್ಲಿ ಮದುವೆ ಊಟದ ಪಂಕ್ತಿ ಕೂತಿದೆ ಎಂಬುದನ್ನು ನೋಡಲಿಲ್ಲ. ನಾಲತವಾಡದಿಂದ ಬಂದಿದ್ದ ಬೀಗರು ಹೋಳಿಗೆ ಬಿಟ್ಟು ಕೆಮ್ಮುತ್ತ ಎದ್ದರು. ನಾನು ಹೊಗೆಯೊಳಗೇ ನಿಂತು ಮಲೇರಿಯಾದ ಬಗ್ಗೆ ತಿಳಿಸಿ ಹೇಳತೊಡಗಿದೆ. ಹೆಣ್ಣಿನ ತಂದೆ ಕೈಮುಗಿದು ಹೇಳಿದರು: "ತಿಳೀತ್ರಿ ಸಾಹೇಬ್ರ. ಸೊಳ್ಳಿ ಸತ್ತೂರಿ, ಬೀಗರೂ ಎದ್ದು ಹ್ವಾದ್ರು. ಇನ್ನ ನೀವರ ಊಟಕ್ಕ ಕೂಡ್ರಿ." ಅಂದಿನಿಂದ ನನ್ನ ಪದ್ಧತಿ ಬದಲಾಯಿತು. ಹೊಗೆ ಬಿಡುವ ಮುಂಚೆ ಅಡುಗೆಯ ವಾಸನೆ ಬರುತ್ತಿದೆಯೇ ಎಂದು ಮೂಗು ಎತ್ತಿ ನೋಡುವುದು.

ಇನ್ನು ಪಾಳ್ಯಾನ ಊರಿಗೆ ಬರೋಣ. ಅಲ್ಲಿ ನನಗೆ ಮುಖ್ಯಾಧಿಕಾರಿಯಾಗಿ ಇನಾಮದಾರ ಸಾಹೇಬರು ಸಿಕ್ಕರು. ಯಾವ ಜಗಳ ಬಂದರೂ ಅವರು ಕಚೇರಿಯಲ್ಲಿ ಕೇಳುತ್ತಿರಲಿಲ್ಲ. ಎರಡೂ ಪಕ್ಷದವರನ್ನು ಜಗಳದ ಜಾಗಕ್ಕೇ, ಅದೂ ನಡು ಮಧ್ಯಾಹ್ನಕ್ಕೆ ಕರೆಸುತ್ತಿದ್ದರು. "ನೆಳ್ಳಾಗ ಕೂಡಿಸಿದ್ರ ಸಂಜೀತನಕಾ ಮಾತಾಡ್ತಾರ್ರಿ. ಬಿಸಲಾಗ ನಿಂದ್ರಸ್ರಿ, ಹತ್ತು ನಿಮಿಷದಾಗ ಇಬ್ರೂ ಶಾಣ್ಯಾ ಆಗ್ತಾರ" ಎನ್ನುತ್ತಿದ್ದರು. ತಾವು ಮಾತ್ರ ಕೊಡೆ ಹಿಡಿದಿರುತ್ತಿದ್ದರು. ನಮ್ಮ ಕಡೆಯ ಏಪ್ರಿಲ್ ಬಿಸಿಲು ಕಂಡವರು ಯಾರೂ ಈ ಪದ್ಧತಿಗೆ ನಗುವುದಿಲ್ಲ.

ಆ ಊರಿನ ಒಂದು ಓಣಿಗೆ ಒಂದೇ ಸಾರ್ವಜನಿಕ ನಳ. ದಿನ ಬಿಟ್ಟು ದಿನ ಬೆಳಗ್ಗೆ ನೀರು. ಹಿಂದಿನ ಸಂಜೆಯೇ ಹೆಂಗಸರು ಪಾಳಿ ಹಚ್ಚುತ್ತಿದ್ದರು. ಕೊಡ ಇಡಬೇಕೆಂದೇನೂ ಇಲ್ಲ. ಡಬ್ಬಿ, ಇಟ್ಟಿಗೆ, ಹರಿದ ಚಪ್ಪಲಿ, ಯಾವುದನ್ನಿಟ್ಟರೂ ಅದು ಒಬ್ಬರ ಪಾಳಿ. ಆ ಚಪ್ಪಲಿಯನ್ನು ದಾಟಿ ಹೋಗುವ ಹಕ್ಕು ಯಾರಿಗೂ ಇಲ್ಲ. ಸಾಲಿನ ಪಕ್ಕದಲ್ಲೇ ಒಂದು ಕಪ್ಪು ನಾಯಿ ಮಲಗಿರುತ್ತಿತ್ತು. ಯಾರಾದರೂ ಪಾಳಿ ಮುರಿದರೆ ಎದ್ದು ಬೊಗಳುತ್ತಿತ್ತು, ಕಚ್ಚುತ್ತಿರಲಿಲ್ಲ. ಮುರಿದವರು ಹಿಂದೆ ಹೋಗುವ ತನಕ ಅವರ ಎದುರಿಗೇ ನಿಂತು, ಇಡೀ ಓಣಿಗೆ ಕೇಳುವ ಹಾಗೆ ಬೊಗಳುತ್ತಿತ್ತು. ಹಾಗಾಗಿಯೇ ಅದಕ್ಕೆ ಪಾಳ್ಯಾ ಎಂದು ಹೆಸರು. ಮೊಸರು ಮಾರಲು ಬರುವವರು, ಬಸ್ ಸ್ಟ್ಯಾಂಡಿನ ಹಮಾಲರು, ಶಾಲೆಗೆ ಹೋಗುವ ಹುಡುಗರು ಎಲ್ಲರೂ ಅದನ್ನು ಹೆಸರು ಹಿಡಿದು ಮಾತಾಡಿಸಿಯೇ ಮುಂದೆ ಹೋಗುತ್ತಿದ್ದರು.

ಆ ವಾರ್ಡಿನ ಮೆಂಬರರನ್ನು ಗೌಡರು ಎಂದು ಕರೆಯೋಣ. ಅವರ ಮನೆ ದೊಡ್ಡ ರಸ್ತೆಯ ಆಚೆ ಬದಿಗೆ. ಅವರ ಆಳು ನೀರು ಬಂದಾಗಲೆಲ್ಲ ಕೊಡ ತಂದು ಸಾಲಿನ ಮುಂದೆ ಇಡುತ್ತಿದ್ದ, ಪಾಳ್ಯಾ ಪ್ರತಿ ಸಲವೂ ಅವನ ಮರ್ಯಾದೆ ತೆಗೆಯುತ್ತಿತ್ತು. ಗೌಡರು ಕಚೇರಿಗೆ ಬಂದು "ಅದು ಹುಚ್ಚನಾಯಿ ಐತಿ, ಹಿಡಸ್ರಿ" ಎಂದರು.

ನಾನು ನೌಕರಿಗೆ ಸೇರಿದ ಕಾಲದಲ್ಲಾಗಿದ್ದರೆ ಪಾಳ್ಯಾನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆಗ ದೂರು ಬಂದರೆ ವಿಷದ ಉಂಡೆ ಇಡುವ ರೂಢಿ ಇತ್ತು. ಪಾಳ್ಯಾನ ಮೇಲೆ ದೂರು ಬರುವ ಹೊತ್ತಿಗೆ ಕಾನೂನು ಬದಲಾಗಿತ್ತು. ನಾಯಿಯನ್ನು ಹಿಡಿಯಬೇಕು, ಪಶುವೈದ್ಯರಿಂದ ಸಂತಾನ ಆಗದ ಹಾಗೆ ಆಪರೇಷನ್ ಮಾಡಿಸಬೇಕು, ಗುರುತಿಗೆ ಒಂದು ಕಿವಿಯ ತುದಿ ಕತ್ತರಿಸಬೇಕು, ಆಮೇಲೆ ಹಿಡಿದ ಜಾಗಕ್ಕೇ ತಂದು ಬಿಡಬೇಕು. ಬೇರೆ ಕಡೆಗೆ ಸಾಗಿಸುವಂತಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ.

ಹುಚ್ಚು ಹೌದೋ ಅಲ್ಲವೋ ನೋಡೋಣ ಎಂದು ನೀರು ಬರುವ ದಿನ ಹೋದೆ. ಹುಚ್ಚು ಇರಲಿಲ್ಲ. ಆದರೆ ನ್ಯಾಯ ಬಲ್ಲ ನಾಯಿ ಎಂಬುದನ್ನೂ ನಾನು ಒಪ್ಪಲಿಲ್ಲ. ಓಡಿ ಬರುವವರನ್ನು ಕಂಡು ಬೊಗಳುತ್ತದೆ, ಪಾಳಿ ಮುರಿಯುವವರು ಓಡಿ ಬರುತ್ತಾರೆ, ಅಷ್ಟೇ ಎಂಬುದು ನನ್ನ ಮೊದಲ ವಾದ. ಚಹಾದಂಗಡಿಯಿಂದ ಒಂದು ಕೊಡ ಕಡ ತಂದು, ಗುಡಿಗೆ ಹೋಗುವವನ ಹಾಗೆ ಮೆಲ್ಲಗೆ ನಡೆದು, ಸಾಲಿನ ತಲೆಗೆ ಇಟ್ಟೆ. ಪಾಳ್ಯಾ ಎದ್ದು ನನ್ನ ಜನ್ಮ ಜಾಲಾಡಿತು.

"ಹೊಸಬ ಅಂತ ಬೊಗಳ್ತೈತಿ" ಎಂದೆ. ಅದು ಎರಡನೆಯ ವಾದ.

ಸಾಲಿನ ಮೊದಲಿಗೆ ತಂಗೆವ್ವ ನಿಂತಿದ್ದಳು. ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಬದುಕುವವಳು. ಅವಳ ತವರು ಸಾಲೋಟಗಿ, ನನ್ನೂರೂ ಅದೇ, ಹಾಗಾಗಿ ನನ್ನನ್ನು ಸಾಹೇಬ ಎನ್ನದೆ ತಮ್ಮಾ ಎನ್ನುತ್ತಿದ್ದಳು. "ಇವತ್ತ ನನ್ನ ಪಾಳಿ ಇವಗ ಕೊಟ್ಟೇನ್ರೆವಾ" ಎಂದು ಉಳಿದವರಿಗೆ ಹೇಳಿದಳು. ಅದೇ ನಾನು, ಅದೇ ಕೊಡ, ಅದೇ ಜಾಗ. ಪಾಳ್ಯಾ ಬಾಲ ಕೂಡ ಅಲ್ಲಾಡಿಸದೆ ಮಲಗಿಬಿಟ್ಟಿತು.

ಹೆಂಗಸರು ನಕ್ಕರು. ನಾನು ಬಿಡಲಿಲ್ಲ, ಮತ್ತೆ ನಾಲ್ಕಾರು ಬೆಳಗು ನೋಡಿದೆ. ಕೊನೆಗೆ ಕಾರಣ ಸಿಕ್ಕಿತು. ಗೆದ್ದವನ ಹುಮ್ಮಸ್ಸಿನಲ್ಲಿ ತಂಗೆವ್ವನಿಗೆ ಹೇಳಿದೆ: "ಯಕ್ಕಾ, ನಾಯಿಗೆ ಪಾಳಿ ಗೀಳಿ ಏನೂ ತಿಳಿಯೂದಿಲ್ಲ. ಯಾರರ ಅಡ್ಡ ಬಂದ್ರ ನಿಮ್ಮ ಮಾರಿ ಸಣ್ಣದಾಗ್ತೈತಿ. ಅದು ನಿಮ್ಮ ಮಾರಿ ನೋಡಿ ಬೊಗಳ್ತೈತಿ. ಇಷ್ಟs."

ಅವಳು ಕೊಡ ಸೊಂಟಕ್ಕೇರಿಸಿ ನನ್ನನ್ನೇ ನೋಡಿದಳು. "ಇಷ್ಟs ಅಂತೀಯಲ್ಲೋ ತಮ್ಮಾ. ಈ ಊರಾಗ ನಮ್ಮ ಮಾರಿ ನೋಡಾವರು ಮತ್ತ ಯಾರದಾರ ಹೇಳು?"

ಚರ್ಚಾಸ್ಪರ್ಧೆಯಲ್ಲಿ ಉತ್ತರ ಹೊಳೆಯದಿದ್ದರೆ ನೀರು ಕುಡಿಯಬೇಕು ಎಂದು ನಮಗೆ ಕಲಿಸಿದ್ದರು. ನಳಕ್ಕೆ ಬಾಯಿ ಹಚ್ಚಿ ನೀರು ಕುಡಿದೆ. ಪಾಳಿ ಮುರಿದದ್ದಕ್ಕೆ ಪಾಳ್ಯಾ ಮತ್ತೆ ಬೊಗಳಿತು.

ಪಾಳ್ಯಾನಿಗೆ ಆಪರೇಷನ್ ಮಾಡಿಸಿ, ಎಡಗಿವಿಯ ತುದಿ ಕತ್ತರಿಸಿ, ನಳದ ಹತ್ತಿರವೇ ತಂದು ಬಿಟ್ಟೆವು. ಗೌಡರಿಗೆ ಕಾನೂನು ಓದಿ ತೋರಿಸಿದೆ. "ಕಾನೂನು ನಾಯೀದಾತೇನು?" ಎಂದು ಹೋದರು. ಪಾಳ್ಯಾ ಮತ್ತೆ ಬಹಳ ವರ್ಷ ಬದುಕಿತು. ಹಲ್ಲು ಬಿದ್ದ ಮೇಲೆ ತಂಗೆವ್ವ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ತಿನ್ನಿಸುತ್ತಿದ್ದಳು. ಬೊಗಳಲು ತ್ರಾಣವಿಲ್ಲದಾಗ ಪಾಳಿ ಮುರಿದವರ ಎದುರಿಗೆ ಹೋಗಿ ಸುಮ್ಮನೆ ನಿಲ್ಲುತ್ತಿತ್ತು. ಅದೇ ಸಾಕಾಗುತ್ತಿತ್ತು.

ಒಂದು ಬೇಸಿಗೆಯಲ್ಲಿ ಅದು ಮಲಗಿದಲ್ಲೇ ಹೋಯಿತು. ಓಣಿಯವರು ನಳದ ಬುಡದಲ್ಲೇ ಹೂಳಲು ಕುಣಿ ತೆಗೆಯುತ್ತಿದ್ದಾರೆ ಎಂದು ಸುದ್ದಿ ಬಂತು. ಓಡಿಹೋಗಿ ತಡೆದೆ. ಕುಡಿಯುವ ನೀರಿನ ಪೈಪಿನ ಪಕ್ಕದಲ್ಲಿ ಹೂಳುವುದನ್ನು ಯಾವ ಆರೋಗ್ಯ ನಿರೀಕ್ಷಕನೂ ಒಪ್ಪಲಾರ, ನೀವೂ ಒಪ್ಪಬೇಡಿ. ಊರ ಹೊರಗೆ ಹೂಳಿಸಿದೆ. ಅದಕ್ಕೆ ತಂಗೆವ್ವ ಕೇಳಿದಳು: "ಆತು, ಹೂಳಬಾರದು. ಮೂರ್ತಿ ಇಡಬೌದಲಾ? ಮೂರ್ತಿಗೆ ಏನ್ ಹುಳ ಬೀಳೂದುಲ್ಲಲಾ?"

ಹೀಗೆ ನಾಯಿಯ ಮೂರ್ತಿಯ ವಿಚಾರ ನನ್ನ ಅಡ್ಡಗಾಲಿನಿಂದಲೇ ಹುಟ್ಟಿತು. ಓಣಿಯವರು ಪುರಸಭೆಗೆ ಅರ್ಜಿ ಕೊಟ್ಟರು. ಇನಾಮದಾರ ಸಾಹೇಬರು ನನ್ನ ಅಭಿಪ್ರಾಯ ಕೇಳಿದರು. ನಾನು ಎದ್ದು ನಿಂತು ಖಂಡಿಸಿದೆ. ಮೂರ್ತಿ ಮಾಡಿದರೆ ಹೂವು ಬರುತ್ತದೆ, ಹೂವಿನ ಹಿಂದೆ ಕಾಯಿ, ಕಾಯಿಯ ಹಿಂದೆ ನೊಣ. ಒಂದು ಒಳ್ಳೆಯ ನಾಯಿಯನ್ನು ಕೆಟ್ಟ ದೇವರು ಮಾಡಬೇಡಿ ಎಂದೆ. ಸಾಹೇಬರು ಅರ್ಜಿಯನ್ನು ಪಾಸೂ ಮಾಡಲಿಲ್ಲ, ಫೇಲೂ ಮಾಡಲಿಲ್ಲ, ಕೊಡೆ ತಗೊಂಡು ಊಟಕ್ಕೆ ಹೋದರು.

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ತಂಗೆವ್ವ ನನ್ನನ್ನು ಕರೆದಳು. "ಛಲೋ ಮಾತಾಡ್ತಿ ನೋಡು. ಅಲ್ಲೋ ಮಳ್ಳ, ಗೌಡ ನಳ ಕೀಳಾಕ ನಿಂತಾನ, ಅದು ನಿನಗ ಗೊತ್ತೈತೇನು?"

ಗೊತ್ತಿರಲಿಲ್ಲ. ಓಣಿಯ ನಳದ ಸುತ್ತ ರಾಡಿ ಆಗುತ್ತದೆ, ಸೊಳ್ಳೆ ಆಗುತ್ತದೆ, ಅದನ್ನು ಕಿತ್ತು ದೊಡ್ಡ ರಸ್ತೆಯ ಆಚೆ ಹಾಕಬೇಕು ಎಂದು ಗೌಡರು ಓಡಾಡುತ್ತಿದ್ದರು. ಆಚೆ ಎಂದರೆ ಅವರ ಮನೆಯ ಮುಂದೆ. ಪಾಳ್ಯಾ ಇರುವ ತನಕ ತಮ್ಮ ಕೊಡ ಮುಂದೆ ಬರಲಿಲ್ಲ, ಈಗ ನಳವೇ ತಮ್ಮ ಕೊಡದ ಹತ್ತಿರ ಬರಲಿ ಎಂಬ ಲೆಕ್ಕ.

"ನನ್ನ ಮೊಣಕಾಲು ಹೋಗ್ಯಾವು" ಎಂದಳು ತಂಗೆವ್ವ. "ಲಾರಿ ಓಡಾಡೂ ರಸ್ತೆ ದಾಟಿ ನೀರು ತಂದು ರೊಟ್ಟಿ ಬಡಿಯೂದು ನನ್ನ ಕೈಲಿ ಆಗೂದುಲ್ಲ. ನಳ ಹೋತಂದ್ರ ನನ್ನ ಒಲಿ ಆರಿದಂಗ. ನಮ್ಮ ಸಾಲೋಟಗಿ ಶಾಸನದ ಕಲ್ಲು ನೋಡೀಯಲ್ಲ? ಯಾವ ರಾಜ ನೆಟ್ಟನೋ ಏನೋ, ಇವತ್ತಿನತನಕಾ ಉಳಿದೈತಿ. ಕಲ್ಲು ನೆಟ್ರ ಯಾರೂ ಕೀಳೂದುಲ್ಲ."

"ಶಾಸನದ ಮಾತು ಬ್ಯಾರೆ ಯಕ್ಕಾ. ನಾಯಿ ಮೂರ್ತಿಗೆ ಯಾರು ಅಂಜ್ತಾರ?"

"ಅಂಜಲಿ ಅಂತ ಅಲ್ಲೋ. ನಾಚಲಿ ಅಂತ."

ನಾನು ಸೋತೆ. ಸೋತವನು ಗೆದ್ದವರ ಪಕ್ಷದಲ್ಲಿ ಮಾತಾಡುವುದು ನಮ್ಮ ಸ್ಪರ್ಧೆಗಳಲ್ಲಿ ಮಾಮೂಲು. ನನಗೆ ಮೊದಲಿನಿಂದ ಪರಿಚಯವಿದ್ದ ಕಲ್ಲುಕುಟಿಗ ಮಾನಪ್ಪನ ಹತ್ತಿರ ತಂಗೆವ್ವನನ್ನು ಕರೆದುಕೊಂಡು ಹೋದೆ. ಮಾನಪ್ಪ ಜೀವಮಾನವೆಲ್ಲ ಬಸವಣ್ಣನ ಮೂರ್ತಿ, ಎಂದರೆ ಗುಡಿಯ ಮುಂದೆ ಕೂರುವ ಎತ್ತು, ಅದೊಂದನ್ನೇ ಕೆತ್ತಿದವನು. ಅವನ ಅಂಗಳದಲ್ಲಿ ಕೂತ ಎತ್ತುಗಳ ನಡುವೆ ಹಾದು ಹೋಗುವುದೇ ಕಷ್ಟ.

"ನಾಯಿ ಏನ್ರಿ?" ಎಂದು ತಲೆ ಕೆರೆದುಕೊಂಡ. "ನಾಕ ಕಾಲು, ಒಂದ ಬಾಲ. ಆಗ್ತೈತಿ ಬಿಡ್ರಿ."

"ನಮ್ಮ ಪಾಳ್ಯಾ ಹೆಂಗಿತ್ತೋ ಹಂಗs ಆಗಬೇಕು" ಎಂದಳು ತಂಗೆವ್ವ. ಎದೆ ಹೇಗಿತ್ತು, ಮೂತಿ ಹೇಗಿತ್ತು, ಕಿವಿ ಎಲ್ಲಿ ಕತ್ತರಿಸಿತ್ತು ಎಂದು ಕೈ ಆಡಿಸಿ ತೋರಿಸಿದಳು. ಕೂಲಿಗೆ ಬದಲಾಗಿ ಆ ಬೇಸಿಗೆಯೆಲ್ಲ ಅವಳು ಖಡಕ್ ರೊಟ್ಟಿ ಕಳಿಸಬೇಕು ಎಂದು ಮಾತಾಯಿತು.

ಮೂರ್ತಿ ಟ್ರ್ಯಾಕ್ಟರಿನಲ್ಲಿ ಬಂತು, ಜೊತೆಗೆ ಮಾನಪ್ಪನೂ ಬಂದ. ಹೆಂಗಸರು ಅಷ್ಟರಲ್ಲಿ ನಳಕ್ಕೆ ಬರುವ ಪೈಪಿನ ಮೇಲೆಯೇ, ಬೇಕೆಂದೇ, ಕಲ್ಲಿನ ಕಟ್ಟೆ ಕಟ್ಟಿಸಿ ಇಟ್ಟಿದ್ದರು. ನಳ ಕೀಳಬೇಕಾದರೆ ಮೊದಲು ಮೂರ್ತಿ ಎಬ್ಬಿಸಬೇಕು. ಮೂರ್ತಿಯನ್ನು ಕೂಡಿಸಿ, ಮುಚ್ಚಿದ ಧೋತರ ಎಳೆದರು.

ಮೂತಿ ನಾಯಿಯದೇ. ಆದರೆ ಮುಂಗಾಲು ಮಡಿಚಿ, ಬಾಲ ತೊಡೆಯ ಮೇಲೆ ಸುತ್ತಿ, ಕೊರಳಲ್ಲಿ ಗಂಟೆಸರ ಹಾಕಿಕೊಂಡು, ಹೆಗಲ ಮೇಲೆ ಎತ್ತಿಗಿರುವಂಥ ಸಣ್ಣದೊಂದು ಡುಬ್ಬ ಹೊತ್ತು, ಗಂಭೀರವಾಗಿ ಕೂತಿತ್ತು.

"ಏನೋ ಇದು ಮಾನಪ್ಪಾ?" ಎಂದೆ.

ಮಾನಪ್ಪ ನೆಲ ನೋಡಿದ. "ನಾಯಿ ಅಂತನs ಚಾಲೂ ಮಾಡಿದ್ನಿರಿ. ನಡುವ ಒಂದಿನ ಜ್ವರ ಬಂದಿತ್ತು, ಏನೋ ವಿಚಾರ ಮಾಡ್ಕೋತ ಬಡಿದೆ. ಕೈಗೆ ರೂಢಿ ಐತ್ರಿ, ಅದು ತನ್ನ ದಾರಿ ಹಿಡೀತು. ಡುಬ್ಬ ಬಂದಮ್ಯಾಲ ಗಂಟಿಸರ ಹಾಕ್ಲಿಲ್ಲಂದ್ರ ಬರೇ ಕೊಳ್ಳ ಅನಸ್ತಿತ್ತು, ಅದಕ್ಕ ಹಾಕಿದೆ."

ಯಾರೋ ಕಿಸಕ್ಕೆಂದರು. ಇಡೀ ಓಣಿ ನಗತೊಡಗಿತು. ತಂಗೆವ್ವ ಮಾತ್ರ ನಗಲಿಲ್ಲ. "ಇದನ್ನ ನೋಡಿ ಯಾರು ನಾಚ್ತಾರೋ? ಇದು ನಮ್ಮ ಪಾಳ್ಯಾ ಅಲ್ಲ. ಡುಬ್ಬ ತಗಿ" ಎಂದಳು. ತೆಗಿ ಎಂದೇ ನಾನೂ ಹೇಳಿದೆ. ನನ್ನ ಕಾರಣ ಬೇರೆ, ನಾಯಿ ದೇವರಾಗುವುದು ನನಗೆ ಬೇಡವಾಗಿತ್ತು. ಮಾನಪ್ಪ ಉಳಿ ತೆಗೆದ. ಅಷ್ಟರಲ್ಲಿ ರಸ್ತೆಯಲ್ಲಿ ಹೋಗುತ್ತಿದ್ದ ಮುದುಕನೊಬ್ಬ ನಿಂತು, ಚಪ್ಪಲಿ ಬಿಟ್ಟು, ಮೂರ್ತಿಯ ಡುಬ್ಬ ಮುಟ್ಟಿ ಹಣೆಗೆ ಒತ್ತಿಕೊಂಡು ಹೋದ. ಮುಖ ನೋಡಲೇ ಇಲ್ಲ.

ತಂಗೆವ್ವ ಮುದುಕನ ಬೆನ್ನು ನೋಡಿದಳು. ನಳ ನೋಡಿದಳು. ಮೂರ್ತಿಯ ಎಡಗಿವಿಯನ್ನು ಬೆರಳಿನಿಂದ ಸವರಿದಳು. ತುದಿ ಕತ್ತರಿಸಿತ್ತು, ಪಾಳ್ಯಾನದು ಇದ್ದ ಹಾಗೇ.

"ಉಳಿ ಒಳಗಿಡೋ ಮಾನಪ್ಪಾ" ಎಂದಳು. "ಕಿವಿ ನಮಗಿರ್ಲಿ. ಡುಬ್ಬ ಗೌಡರಿಗಿರ್ಲಿ."

ನಾನು ತಕರಾರು ಎತ್ತಿದೆ. "ತಮ್ಮಾ, ನಿನಗ ವಾದ ಗೆಲ್ಲೂದೈತಿ, ನನಗ ನೀರು ತರೂದೈತಿ. ಸುಮ್ಮನಿರು" ಎಂದಳು.

ವಾರದೊಳಗೆ ಗೌಡರು ಹಾರೆ ಗುದ್ದಲಿಯ ಆಳುಗಳನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಕಳಿಸಿದರು. ಇನಾಮದಾರ ಸಾಹೇಬರು ತಮ್ಮ ಪದ್ಧತಿಯಂತೆ ಎಲ್ಲರನ್ನೂ ಮಧ್ಯಾಹ್ನಕ್ಕೆ ನಳದ ಹತ್ತಿರ ಕರೆಸಿದರು. ಒಂದು ಬದಿಗೆ ತಲೆ ಮೇಲೆ ಸೆರಗು ಹೊತ್ತ ಹೆಂಗಸರು, ಇನ್ನೊಂದು ಬದಿಗೆ ಹಾರೆ ಹಿಡಿದ ಆಳುಗಳು, ನಡುವೆ ಕೊಡೆಯ ಕೆಳಗೆ ಸಾಹೇಬರು. ಗೌಡರು ಜೀಪಿನಿಂದ ಇಳಿದು ಬಿರುಸಾಗಿ ನಡೆದು ಬಂದರು. ಕಟ್ಟೆಯ ಎದುರು ಬಂದವರೇ, ರೂಢಿ ನೋಡಿ, ಚಪ್ಪಲಿ ಕಳಚಿ ಕೈ ಮುಗಿದರು. ಆಮೇಲೆ ಮೂತಿ ಕಂಡರು.

ತಂಗೆವ್ವ ಕಾಯುತ್ತಿದ್ದವಳ ಹಾಗೆ ಅಂದಳು: "ಕೈ ಮುಗಿದ್ರಿ, ಛಲೋ ಆತ್ರಿ ಗೌಡ್ರ. ಇನ್ನ ಹಾರಿ ಹಾಕಸ್ರಿ."

ಗೌಡರು ಬರಿಗಾಲಲ್ಲಿ ಸುಡುವ ನೆಲದ ಮೇಲೆ ನಿಂತಿದ್ದರು. "ಇದೇನ್ ಹಚ್ಚೀರಿ? ಇದು ನಾಯಿನೋ, ಬಸವಣ್ಣನೋ?"

ಸಾಹೇಬರು ಕೊಡೆ ಸರಿಸಿ ನನ್ನ ಕಡೆ ತಿರುಗಿದರು. "ನಾಯಿ ವಿಷಯ ನಿಮ್ಮ ಖಾತೆ ಅಲ್ರಿ? ನೀವs ಹೇಳ್ರಿ."

ಎಲ್ಲರೂ ನನ್ನನ್ನು ನೋಡಿದರು. ನನಗೆ ಸುಳ್ಳು ಹೇಳುವ ಮನಸ್ಸಿರಲಿಲ್ಲ. ಬಸವಣ್ಣ ಎಂದರೆ ಸುಳ್ಳು, ನಾಯಿ ಎಂದರೆ ತಂಗೆವ್ವನ ಒಲೆ ಆರುತ್ತದೆ. ಆಗ ನನ್ನ ಕಣ್ಣು ಆ ಕತ್ತರಿಸಿದ ಕಿವಿಯ ಮೇಲೆ ಬಿತ್ತು. ಕಾಲೇಜು ಬಿಟ್ಟ ಮೇಲೆ ಅಷ್ಟು ಸುಖವಾಗಿ ನಾನು ಎಂದೂ ಮಾತಾಡಿರಲಿಲ್ಲ.

"ಸಾಹೇಬ್ರ, ಬಸವಣ್ಣ ಅಂತ ಗೌಡ್ರಿಗೆ ಅನಿಸಿದ್ರ, ಎಬ್ಬಸೂ ಹುಕುಂ ಅವರs ಬಾಯಿಲೆ ಹೇಳ್ಲಿ, ನಾವು ಕೇಳ್ತೇವಿ. ನಾಯಿ ಅಂತ ಅನಿಸಿದ್ರ, ಎಡಗಿವಿ ನೋಡ್ರಿ. ಇದು ಆಪರೇಷನ್ ಆದ ನಾಯಿ. ಇಂಥಾ ನಾಯಿ ಇದ್ದ ಜಾಗಾದಾಗs ಇರಬೇಕು, ಬ್ಯಾರೆ ಕಡೆ ಸಾಗಸೂ ಹಂಗಿಲ್ಲ. ಆ ಕಾನೂನು ಗೌಡ್ರಿಗೆ ನಾನs ಓದಿ ಹೇಳೇನಿ."

ಕಲ್ಲಿಗೆ ಆ ಕಾನೂನು ಹೇಗೆ ಹತ್ತುತ್ತದೆ ಎಂದು ಗೌಡರು ಕೇಳಬಹುದಿತ್ತು. ಕೇಳಿದ್ದರೆ ನಾನು ಮತ್ತೆ ನಳಕ್ಕೆ ಬಾಯಿ ಹಚ್ಚಬೇಕಾಗುತ್ತಿತ್ತು. ಆದರೆ ಅವರ ಅಂಗಾಲು ಸುಡುತ್ತಿತ್ತು. ಒಂದು ಕಾಲು ಎತ್ತಿ, ಇನ್ನೊಂದು ಕಾಲು ಎತ್ತಿ, ಮೂರ್ತಿಯ ಮುಖ ನೋಡಿದರು. ಎಷ್ಟೋ ವರ್ಷ ಆ ಮೂತಿ ಅವರ ಮನೆಯ ಕೊಡಕ್ಕೆ ಬೊಗಳಿತ್ತು. ಅವರ ಮೀಸೆಯ ಕೆಳಗೆ ನಗು ಬಂದುಬಿಟ್ಟಿತು. "ಸತ್ತರೂ ಬಿಡವಲ್ದಲ್ಲೋ ಮಾರಾಯಾ ಇದು!" ಎಂದು ಚಪ್ಪಲಿ ಮೆಟ್ಟಿಕೊಂಡು ಜೀಪು ಹತ್ತಿದರು.

ಸಾಹೇಬರು ಹೇಳಿದರು: "ರಾಡಿ ಆಗೂದಂತೂ ಖರೆ. ನಳದ ಸುತ್ತ ಫರಸಿ ಕಲ್ಲು ಹಾಸಿ ಗಟಾರ ಮಾಡಸ್ರಿ." ಮಾಡಿಸಿದೆವು.

ಆದರೆ ಪಾಳಿಯ ಕಾಯಿದೆ ಹೊಸದೊಂದು ತಕರಾರು ತಂದಿತು. ಸಾಲಿನಲ್ಲಿ ಏನಿಟ್ಟರೂ ಅದು ಒಂದು ಪಾಳಿ ಅಲ್ಲವೇ? ಸಾಲಿನ ತಲೆಗೆ ಕಲ್ಲಿನ ಪಾಳ್ಯಾ ಕೂತಿದೆ. ಹಾಗಾದರೆ ಮೊದಲ ಪಾಳಿ ಯಾರದು? ಬಹಳ ಜಗಳವಾಗಿ ಹೆಂಗಸರು ತೀರ್ಪು ಕೊಟ್ಟರು. ಮೊದಲ ಕೊಡ ಪಾಳ್ಯಾನದು. ಅದನ್ನು ಕಟ್ಟೆಯ ಕೆಳಗೆ ಇಟ್ಟ ಕಲ್ಲಿನ ದೋಣಿಗೆ, ಎಂದರೆ ತೊಟ್ಟಿಗೆ, ಸುರಿಯಬೇಕು, ಓಣಿಯ ನಾಯಿ ಆಡು ಕುಡಿಯಬೇಕು. ಹೂವು ಬಂತು, ವಿಭೂತಿಯೂ ಬಂತು, ನನ್ನ ಭಯ ಸುಳ್ಳಾಗಲಿಲ್ಲ. ಆದರೆ ಕಾಯಿ ಒಡೆಯುವುದನ್ನು ತಂಗೆವ್ವ ತಡೆದಳು. "ನಾಯಿ ಕಾಯಿ ತಿಂತೈತೇನೋ? ರೊಟ್ಟಿ ಇಡ್ರಿ" ಎಂದಳು. ರೊಟ್ಟಿಗೆ ನೊಣ ಮುತ್ತುವ ಮುಂಚೆಯೇ ಯಾವುದಾದರೂ ನಾಯಿ ಮುಗಿಸುತ್ತಿತ್ತು. ಆರೋಗ್ಯ ನಿರೀಕ್ಷಕನಾಗಿ ನಾನು ಅದಕ್ಕೆ ಆಕ್ಷೇಪ ಎತ್ತಲಿಲ್ಲ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಊರಿಗೆ ಹೋಗಿದ್ದೆ. ತಂಗೆವ್ವ ಈಗಿಲ್ಲ, ಅವಳ ಸೊಸೆ ರೊಟ್ಟಿ ಬಡಿಯುತ್ತಾಳೆ. ನಳ ಅಲ್ಲೇ ಇದೆ. ಬಿಸಿಲು ಜೋರಿತ್ತು. ಬಾಯಾರಿತ್ತು. ಸಾಲನ್ನು ದಾಟಿ ನೇರ ಹೋಗಿ ನಳಕ್ಕೆ ಬೊಗಸೆ ಒಡ್ಡಿದೆ. ಮೂರ್ತಿಯ ನೆರಳಲ್ಲಿ ಮಲಗಿದ್ದ ಕೆಂದು ಬಣ್ಣದ ಮರಿನಾಯಿಯೊಂದು ಎದ್ದು ನನ್ನೆದುರು ನಿಂತು ಬೊಗಳತೊಡಗಿತು.

ಇದು ಓಡುವವರನ್ನು ಕಂಡು ಬೊಗಳುವುದಿರಬಹುದು, ಹೊಸಬರನ್ನು ಕಂಡು ಇರಬಹುದು ಎಂದು ಒಳಗಿನ ವಕೀಲ ಎದ್ದು ನಿಂತ. ಅವನನ್ನು ಕೂಡಿಸಿ, ತಿರುಗಿ ನೋಡಿದೆ. ಸಾಲಿನ ಮೊದಲಿಗೆ ಬಸುರಿ ಹೆಣ್ಣುಮಗಳೊಬ್ಬಳು ಕೊಡ ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದೆ.

ಬೊಗಸೆ ತೆಗೆದು, ಸಾಲಿನ ಕೊನೆಗೆ ಹೋಗಿ ನಿಂತೆ.